ತಳಿ ಬೆರೆಯಲಿ, ವಯಸ್ಸು ಬೆರೆಯದಿರಲಿ

ಹಿತ್ತಲಲ್ಲಿ ಒಂದೇ ತಳಿಯ ಕೋಳಿ ಸಾಕಬೇಕೆಂಬ ನಿಯಮವೇನೂ ಇಲ್ಲ. ನಾಲ್ಕು ಗಿರಿರಾಜ, ನಾಲ್ಕು ಸ್ವರ್ಣಧಾರ, ಬಂದವರಿಗೆ ತೋರಿಸಲೆಂದು ಎರಡು ಕಡುಗಪ್ಪು ಕಡಕ್‌ನಾಥ್, ಜೊತೆಗೆ ಊರಿನ ನಾಟಿ ಎಂದು ಕೂಡಿಸಿಕೊಂಡರೆ ಅಂಗಳಕ್ಕೂ ಕಳೆ, ಮೊಟ್ಟೆಗೂ ಬರವಿಲ್ಲ. ಅಷ್ಟಕ್ಕೂ ಕೋಳಿಯ ವಂಶವೇ ಬೆರಕೆಯದು. ಸಾಕುಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ. ಆದರೆ ಅನೇಕ ಕೋಳಿಗಳ ಹಳದಿ ಕಾಲಿಗೆ ಕಾರಣವಾದ ವಂಶವಾಹಿ ಬಂದದ್ದು ನಮ್ಮ ಪಶ್ಚಿಮ ಘಟ್ಟದಲ್ಲೂ ಇರುವ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ತಳಿ ಬೆರೆಸುವುದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ವಾರಕ್ಕೊಂದು ಸಂತೆಯಿಂದ ನಾಲ್ಕು ನಾಲ್ಕು ಮರಿ ತಂದು ಎಲ್ಲವನ್ನೂ ಒಂದೇ ಗೂಡಿಗೆ ಬಿಡುವ ಅಭ್ಯಾಸಕ್ಕೆ.

ಮೊದಲು ಕಾವಿನ ಮಾತು. ಮೊಟ್ಟೆಯೊಡೆಯುವ ಹೊತ್ತಿಗೆ ಮರಿ ಉಳಿದ ಹಳದಿ ಭಾಗವನ್ನು ತನ್ನ ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಆ ಬುತ್ತಿಯಿಂದಲೇ ಎರಡು ದಿನ ಅನ್ನನೀರಿಲ್ಲದೆ ಬದುಕಬಲ್ಲದು. ಹ್ಯಾಚರಿಯಿಂದ ರಟ್ಟಿನ ಪೆಟ್ಟಿಗೆಯಲ್ಲಿ ಬಸ್ಸಿನಲ್ಲಿ ಬಂದರೂ ಮರಿ ಉಳಿಯುವುದು ಇದರಿಂದ. ಆದರೆ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಅದಕ್ಕಿನ್ನೂ ಬಂದಿರುವುದಿಲ್ಲ. ಮೈಮೇಲಿರುವುದು ಬರೀ ನವಿರು. ನಿಜವಾದ ಪುಕ್ಕ ತುಂಬಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ತಾಯಿಯ ರೆಕ್ಕೆಯ ಕೆಲಸವನ್ನು ಬಲ್ಬು ಮಾಡಬೇಕು. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗುವುದು ರೂಢಿ. ಹಳೆಯ ತಂತಿಯ ಬಲ್ಬೇ ಆಗಬೇಕು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಈ ಕೆಲಸಕ್ಕೆ ಸಾಲುವಷ್ಟು ಕಾವು ಕೊಡುವುದಿಲ್ಲ.

ಥರ್ಮಾಮೀಟರ್ ಇದ್ದರೆ ಒಳ್ಳೆಯದೇ, ಆದರೆ ಮರಿಗಳನ್ನು ನೋಡುವುದು ಇನ್ನೂ ಒಳ್ಳೆಯದು. ಬಲ್ಬಿನಡಿ ಒಂದರ ಮೇಲೊಂದು ಏರಿ ಚೀರುತ್ತಿದ್ದರೆ ಚಳಿ. ಅಂಚಿಗೆ ಸರಿದು, ರೆಕ್ಕೆ ಬಿಚ್ಚಿ, ಬಾಯಿ ತೆರೆದು ಏದುತ್ತಿದ್ದರೆ ಸೆಕೆ. ಎಲ್ಲವೂ ಒಂದೇ ಮೂಲೆ ಹಿಡಿದಿದ್ದರೆ ಎದುರಿನಿಂದ ಎಲ್ಲೋ ಗಾಳಿ ನುಗ್ಗುತ್ತಿದೆ ಎಂದು ತಿಳಿಯಬೇಕು. ಅಲ್ಲಲ್ಲಿ ಹರಡಿಕೊಂಡು, ಮೆಲ್ಲಗೆ ಚಿಲಿಪಿಲಿಗುಟ್ಟುತ್ತ, ಒಂದು ಕೆದಕುತ್ತ ಇನ್ನೊಂದು ಕಾಲು ಚಾಚಿ ಮಲಗಿದ್ದರೆ ನಿಶ್ಚಿಂತೆಯಿಂದಿರಬಹುದು. ಎರಡು ವಾರದ ಮರಿಗೆ ಹಿತವಾದ ಕಾವು ನಿನ್ನೆ ಒಡೆದ ಮರಿಗೆ ಚಳಿ. ಒಂದೇ ಬಲ್ಬಿನಡಿ ಎರಡು ವಯಸ್ಸಿನವನ್ನು ಬಿಟ್ಟರೆ ದೊಡ್ಡವು ಚಿಕ್ಕವನ್ನು ತುಳಿಯುವುದೂ ಉಂಟು.

ರೋಗದ ಲೆಕ್ಕ ಇದಕ್ಕಿಂತ ಕಠಿಣ. ಮರಿಗಳ ರಕ್ತಭೇದಿಗೆ ಕಾರಣವಾದ ಏಕಕೋಶ ಜೀವಿ ದೊಡ್ಡ ಕೋಳಿಯ ಕರುಳಿನಲ್ಲಿ ಸದ್ದಿಲ್ಲದೆ ಇದ್ದುಬಿಡುತ್ತದೆ. ಮೊದಲೇ ಸೋಂಕು ತಗುಲಿ ದೊಡ್ಡದಕ್ಕೆ ನಿರೋಧಶಕ್ತಿ ಬಂದಿರುತ್ತದೆ, ಆದರೂ ಅದರ ಹಿಕ್ಕೆಯಲ್ಲಿ ರೋಗಾಣು ಬೀಳುತ್ತಲೇ ಇರುತ್ತದೆ. ಗೂಡಿನ ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒದ್ದೆಯಾಗಿ, ಅದರಲ್ಲಿ ಒಂದೆರಡು ದಿನ ಬಲಿತರೆ ಮರಿಗೆ ಅದೇ ಮೃತ್ಯು. ನೀರಿನ ತಟ್ಟೆಯ ಸುತ್ತಲಿನ ಹೊಟ್ಟನ್ನು ದಿನವೂ ತೆಗೆದುಹಾಕಬೇಕೆನ್ನುವುದು ಇದಕ್ಕೇ. ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತ್ ರೋಗಕ್ಕೆ, ಮೊದಲ ವಾರವೇ ಕಣ್ಣಿಗೋ ಮೂಗಿಗೋ ಲಸಿಕೆಯ ಹನಿ ಹಾಕಿಸಬೇಕು. ಎಲ್ಲ ಮರಿಗಳೂ ಒಂದೇ ವಯಸ್ಸಿನವಾದರೆ ಒಂದು ಬಾಟಲಿಯಲ್ಲಿ, ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ. ಮೇವಿನದೂ ಇದೇ ಕಥೆ. ಮೊಟ್ಟೆಯಿಡುವ ಕೋಳಿಯ ಮೇವಿನಲ್ಲಿ ಸುಣ್ಣದ ಅಂಶ ಮರಿಗೆ ಬೇಕಾದುದಕ್ಕಿಂತ ಮೂರು ನಾಲ್ಕು ಪಟ್ಟು ಹೆಚ್ಚು. ಅದನ್ನೇ ತಿನ್ನುತ್ತ ಬೆಳೆದರೆ ಮರಿಯ ಮೂತ್ರಪಿಂಡ ಕೆಡುತ್ತದೆ.

ಇನ್ನು ಕುಕ್ಕಾಟ. ಕೋಳಿಗಳಲ್ಲಿ ಮೇಲು ಕೀಳಿನ ಸಾಲು ಇರುವುದನ್ನು ನಾರ್ವೆಯ ಥಾರ್ಲೀಫ್ ಶೆಲ್ಡೆರುಪ್ ಎಬ್ಬೆ 1920ರ ದಶಕದಲ್ಲಿ ವಿವರಿಸಿದರು. ಯಾರು ಯಾರನ್ನು ಕುಕ್ಕಬಹುದು ಎಂಬುದು ಆ ಗುಂಪಿನ ಒಳಗೇ ತೀರ್ಮಾನವಾಗಿರುತ್ತದೆ. ಒಟ್ಟಿಗೆ ಬೆಳೆದ ಮರಿಗಳು ಇದನ್ನು ಕೊಕ್ಕು ಇನ್ನೂ ಎಳತಿರುವಾಗಲೇ ಬಗೆಹರಿಸಿಕೊಳ್ಳುತ್ತವೆ. ಆಮೇಲೆ ಬಂದ ಹೊಸಬನಿಗೆ ಎಲ್ಲರೂ ಕುಕ್ಕುವವರೇ. ರಕ್ತ ಕಂಡರೆ ಇನ್ನೂ ಮೇಲೆ ಬೀಳುತ್ತವೆ. ತಳಿ ಬೆರೆಸುವಾಗಲೂ ಇಲ್ಲಿ ಸ್ವಲ್ಪ ಎಚ್ಚರ ಬೇಕು. ಎಂಟು ವಾರಕ್ಕೆ ಗಿರಿರಾಜ ಕಿಲೋ ದಾಟುವಾಗ ನಾಟಿ ಮರಿ ಅದರ ಅರ್ಧವೂ ಇರಲಿಕ್ಕಿಲ್ಲ. ಮೇವಿನ ತಟ್ಟೆ ಒಂದೇ ಇದ್ದರೆ ನಾಟಿಗೆ ಉಪವಾಸ. ದೂರ ದೂರ ಎರಡು ಮೂರು ತಟ್ಟೆ ಇಡಬೇಕು. ನೋಡಲು ಎಲ್ಲಕ್ಕಿಂತ ಬೇರೆಯಾದ ಒಂಟಿ ಮರಿಯನ್ನು ತರಲೇಬಾರದು. ಕಡಕ್‌ನಾಥ್ ಬೇಕೆಂದರೆ ಎರಡು ಮೂರಾದರೂ ಇರಲಿ.

ಬಲ್ಬು, ಹೊಟ್ಟು, ಮೇವಿನ ರಗಳೆ ಬೇಡವೆನ್ನುವವರು ಕಾವಿಗೆ ಕೂತ ನಾಟಿ ಹೇಂಟೆಯನ್ನು ನಂಬಬಹುದು. ಗಿರಿರಾಜ ಹೇಂಟೆ ಕಾವು ಕೂರುವುದಿಲ್ಲ. ಹೆಚ್ಚು ಮೊಟ್ಟೆಗಾಗಿ ತಳಿ ಆಯುವಾಗ ಕಾವಿನ ಗುಣ ಕೈಬಿಟ್ಟುಹೋಗಿದೆ. ನಾಟಿ ಮಾತ್ರ ಯಾರ ಮೊಟ್ಟೆಯನ್ನಾದರೂ ಮರಿ ಮಾಡಿಕೊಡುತ್ತದೆ. ಹ್ಯಾಚರಿಯಿಂದ ತಂದ ಮರಿಗಳನ್ನು ರಾತ್ರಿ ಕತ್ತಲಲ್ಲಿ ಅದರ ರೆಕ್ಕೆಯಡಿ ಸರಿಸಿದರೆ, ಬೆಳಗ್ಗೆ ಕಪ್ಪು, ಕಂದು, ಬಿಳಿ ಎನ್ನದೆ ಎಲ್ಲವನ್ನೂ ಕರೆದುಕೊಂಡು ಕೆದಕಲು ಹೊರಡುತ್ತದೆ. ಮರಿಗಳು ಒಂದೆರಡು ದಿನದವಾಗಿದ್ದರೆ ಒಳ್ಳೆಯದು. ವಾರ ದಾಟಿದ್ದನ್ನು ಬಿಟ್ಟರೆ ಕುಕ್ಕಿ ಓಡಿಸುವ ಸಾಧ್ಯತೆಯೇ ಹೆಚ್ಚು.