ಮೈಕ್ರೋಫ್ಯಾರಡ್ ಸರಿ ಇದ್ರೆ ಸಾಕಾ?

"ಸರ, ಕಡಿಮಿ ರೇಟಿನ್ಯಾಗ ಒಂದು ಚಲೋ ಮೀಟರ್ ಹೇಳ್ರಿ" ಅಂತ ಬರುವ ಹುಡುಗರನ್ನು ನಾನು ಮೊದಲು ಕೇಳುವುದು, ಏನು ರಿಪೇರಿ ಮಾಡ್ತೀಯಪ್ಪಾ? ಉತ್ತರ ಸಿಗುವುದು ಅಪರೂಪ. ಎಲ್ಲರ ಕಣ್ಣೂ ಮೀಟರ್ ಎಷ್ಟು ಬಗೆಯ ಪಾರ್ಟ್ ಅಳೆಯುತ್ತದೆ ಅನ್ನುವುದರ ಮೇಲೆ.

ಬರೀ ಫ್ಯಾನು, ಕೂಲರ್ ಅಂದ್ರೆ ಕೆಪಾಸಿಟರ್ ಅಳೆಯುವ ಸಾಧಾರಣ ಮಲ್ಟಿಮೀಟರ್ ಸಾಕು. ಕೆಪಾಸಿಟರ್ ಅಂದ್ರೆ ಚಾರ್ಜ್ ತುಂಬಿಟ್ಟುಕೊಂಡು ಬಿಡುವ ಪಾರ್ಟ್, ಅದರ ಅಳತೆಯೇ ಮೈಕ್ರೋಫ್ಯಾರಡ್. ಫ್ಯಾನಿನ 2.5 ಮೈಕ್ರೋಫ್ಯಾರಡ್ ಕೆಪಾಸಿಟರ್ 1.6ಕ್ಕೆ ಇಳಿದಿದ್ದರೆ ಮೊದಲು ಅದನ್ನೇ ಬದಲಿಸಿ. ಕಲಬುರಗಿಯ ಬೇಸಿಗೆಯಲ್ಲಿ ಅರ್ಧ ಕೆಲಸ ಇದೇ.

ಗೊಂದಲ ಶುರುವಾಗುವುದು ಸೆಟ್‌ಟಾಪ್ ಬಾಕ್ಸ್, ಟಿವಿ, ಅಡಾಪ್ಟರ್ ಕೈಗೆ ಬಂದಾಗ. ಸೇಡಂ ಕಡೆಯ ಹುಡುಗನೊಬ್ಬ ಒಂದು ಬಾಕ್ಸ್ ತಂದಿದ್ದ. ಆನ್ ಆಗ್ತದೆ, ಲೋಗೋ ಬರ್ತದೆ, ಮತ್ತೆ ಆಫ್. ಪಾಪ, ಐಸಿ ಕೂಡ ಬದಲಿಸಿದ್ದ. ಔಟ್‌ಪುಟ್ ಕೆಪಾಸಿಟರ್ ನೋಡಿದ್ಯಾ ಅಂದೆ. "ನೋಡೀನ್ರಿ ಸರ, ಸಾವಿರಕ್ಕ ಒಂಬೈನೂರಾ ನಲವತ್ತು ತೋರಸ್ಲತ್ತದ. ಚಲೋನೇ ಅದ." ಬಿಚ್ಚಿ ಇಎಸ್‌ಆರ್, ಅಂದ್ರೆ ಕೆಪಾಸಿಟರ್ ಒಳಗಿನ ತಡೆ, ನೋಡಿದರೆ ಮೂರು ಓಮ್! ಹೊಸದು ಹಾಕಿದೆವು, ಬಾಕ್ಸ್ ನಡೆಯಿತು.

ಇದೊಂದು ಮಾತು ತಲೆಗೆ ಹೋಗಲಿ ಅಂತಲೇ ಇಷ್ಟು ಬರೆಯುತ್ತಿದ್ದೇನೆ. ಮೈಕ್ರೋಫ್ಯಾರಡ್ ಹೇಳುವುದು ಕೆಪಾಸಿಟರ್ ಎಷ್ಟು ಹಿಡಿಯುತ್ತದೆ ಅನ್ನುವುದನ್ನು. ಇಎಸ್‌ಆರ್ ಹೇಳುವುದು, ತುಂಬಿಕೊಳ್ಳಲು ಖಾಲಿಯಾಗಲು ಒಳಗೆ ಎಷ್ಟು ತಡೆ ಇದೆ ಅನ್ನುವುದನ್ನು. ಕೊಡದ ಬಾಯಿ ಕಿರಿದಾದರೂ ಹಿಡಿಯುವ ನೀರು ಅಷ್ಟೇ ಅಲ್ವಾ? ಒಳಗಿನ ದ್ರವ ಒಣಗಿದಂತೆ ಈ ತಡೆ ಏರುತ್ತದೆ. ಮಲ್ಟಿಮೀಟರ್ ನಿಧಾನವಾಗಿ ತುಂಬಿಸಿ ಅಳೆಯುವುದರಿಂದ ಅದಕ್ಕೆ ಮೂರು ಓಮ್ ಲೆಕ್ಕಕ್ಕೇ ಇಲ್ಲ. ಆದರೆ ಎಸ್‌ಎಂಪಿಎಸ್, ಅಂದ್ರೆ ಇಂಥ ಬಾಕ್ಸು, ಟಿವಿಗಳ ಪವರ್ ಸಪ್ಲೈ, ಸೆಕೆಂಡಿಗೆ ಹತ್ತಾರು ಸಾವಿರ ಸಲ ತುಂಬಿಸಿ ಖಾಲಿ ಮಾಡುತ್ತದೆ. ಅಲ್ಲಿ ಆ ಮೂರು ಓಮ್ ವೋಲ್ಟೇಜನ್ನು ಅಲ್ಲಾಡಿಸಿಬಿಡುತ್ತದೆ. ಬಿಸಿ 10 ಡಿಗ್ರಿ ಏರಿದರೆ ಇಂಥ ಕೆಪಾಸಿಟರ್ ಆಯಸ್ಸು ಸುಮಾರು ಅರ್ಧವಾಗುತ್ತದೆ ಅನ್ನುವುದು ನಮ್ಮ ಕೆಲಸದಲ್ಲಿ ಹಳೆಯ ಲೆಕ್ಕ. ನಮ್ಮೂರಿನ ಮೇ ತಿಂಗಳನ್ನು ನೆನೆಸಿಕೊಳ್ಳಿ.

ಹಾಗಾದರೆ ಯಾವುದು ಕೊಳ್ಳುವುದು? ಸಾವಿರ ರೂಪಾಯಿ ಆಸುಪಾಸಿನ ಕಾಂಪೊನೆಂಟ್ ಟೆಸ್ಟರ್, ಅಂದ್ರೆ ಬಿಡಿ ಪಾರ್ಟ್ ಚುಚ್ಚಿದರೆ ಅದೇನಂತ ಅಳೆದು ಹೇಳುವ ಪುಟ್ಟ ಮೀಟರ್, ಕಲಿಯುವವರಿಗೆ ಒಳ್ಳೆಯದೇ. ಜರ್ಮನಿಯ ಹವ್ಯಾಸಿಗಳು ಎಲ್ಲರಿಗೂ ಬಿಟ್ಟುಕೊಟ್ಟ ವಿನ್ಯಾಸ ಅದು. ಇಎಸ್‌ಆರ್ ತೋರಿಸುತ್ತದೆ, ಟ್ರಾನ್ಸಿಸ್ಟರ್ ಕಾಲುಗಳನ್ನೂ ಗುರುತಿಸುತ್ತದೆ. ಕೊನೆಯ ಅಂಕಿಯನ್ನು ಜಾಸ್ತಿ ನಂಬಬೇಡಿ. 25 ಪಿಕೋಫ್ಯಾರಡ್‌ಗಿಂತ ಚಿಕ್ಕ ಕೆಪಾಸಿಟರ್ ಅದಕ್ಕೆ ಸಿಗಲ್ಲ. ಅದು ಅಳೆಯುವುದು 5 ವೋಲ್ಟಿನಲ್ಲಿ, ಹಾಗಾಗಿ 400 ವೋಲ್ಟಿನ ಕೆಪಾಸಿಟರ್ ಪೂರ್ತಿ ವೋಲ್ಟೇಜಿನಲ್ಲಿ ಕರೆಂಟು ಸೋರಿಸುತ್ತದೆಯಾ ಅನ್ನುವುದು ತಿಳಿಯಲ್ಲ. ಇಎಸ್‌ಆರ್ ಎಷ್ಟಿರಬೇಕು ಅಂತ ಒಂದೇ ಸಂಖ್ಯೆ ಕೇಳಬೇಡಿ. 1000 ಮೈಕ್ರೋಫ್ಯಾರಡ್‌ಗೆ ಅರ್ಧ ಓಮ್ ಕೆಟ್ಟದ್ದು, 10 ಮೈಕ್ರೋಫ್ಯಾರಡ್‌ಗೆ ಒಂದೆರಡು ಓಮ್ ಮಾಮೂಲಿ. ಅದೇ ಅಳತೆಯ ಹೊಸದೊಂದನ್ನು ಪಕ್ಕಕ್ಕಿಟ್ಟು ಹೋಲಿಸುವುದೇ ವಾಸಿ. ಬೋರ್ಡಿನ ಮೇಲೇ ಅಳೆದರೆ ಸುತ್ತಲಿನ ಪಾರ್ಟ್‌ಗಳೂ ಸೇರಿಕೊಳ್ಳುತ್ತವೆ, ಬಿಚ್ಚಿ ಅಳೆಯಿರಿ.

ಬಿಚ್ಚಿದ ಕೆಪಾಸಿಟರನ್ನು ಹಾಗೇ ಟೆಸ್ಟರಿಗೆ ಚುಚ್ಚಬೇಡಿ. ಎಸ್‌ಎಂಪಿಎಸ್‌ನ ದೊಡ್ಡ ಕೆಪಾಸಿಟರ್‌ನಲ್ಲಿ 320 ವೋಲ್ಟ್‌ವರೆಗೂ ಉಳಿದಿರಬಹುದು, ಕೈಗೂ ಅಪಾಯ. ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸುವ ಶೌರ್ಯ ಬೇಡ. 2 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರನ್ನು ಇನ್ಸುಲೇಷನ್ ಇರುವ ಇಕ್ಕಳದಲ್ಲಿ ಹಿಡಿದು ಕೆಲವು ಸೆಕೆಂಡು ತಾಗಿಸಿ. ಮಲ್ಟಿಮೀಟರ್ ಸೊನ್ನೆ ತೋರಿಸಿದ ಮೇಲೇ ಟೆಸ್ಟರ್. ಇಷ್ಟು ಮಾಡದೆ ಅದನ್ನು ಸುಟ್ಟುಕೊಂಡು, ಚೈನಾ ಮಾಲು ಸರಿ ಇಲ್ರಿ ಅಂತ ಬರುವವರಿಗೆ ನಾನು ಚಹಾ ಕುಡಿಸಿ ಕಳಿಸಬಲ್ಲೆ, ಅಷ್ಟೇ.