ಇಡ್ಲಿಯಂಥ ಅಕ್ಷರ: ಕೂಪರ್ ಬ್ಲ್ಯಾಕ್

ಬೀಚ್ ಬಾಯ್ಸ್ ತಂಡದ 1966ರ ‘ಪೆಟ್ ಸೌಂಡ್ಸ್’ ಆಲ್ಬಮ್ಮಿನ ಹೊದಿಕೆಯಲ್ಲೂ ಈಜಿಜೆಟ್ ವಿಮಾನಗಳ ಮೈಮೇಲೂ ಇರುವುದು ಒಂದೇ ಅಕ್ಷರಶೈಲಿ, ಕೂಪರ್ ಬ್ಲ್ಯಾಕ್. ದಪ್ಪ, ಮೆತ್ತಗೆ, ಮೂಲೆಗಳೆಲ್ಲ ದುಂಡಗೆ. ಇದನ್ನು ಎಪ್ಪತ್ತರ ದಶಕದ ಫಾಂಟ್ ಎಂದು ಬರೆಯುವವರು ಇನ್ನೂ ಇದ್ದಾರೆ. ಅರ್ಧ ಶತಮಾನದಷ್ಟು ತಪ್ಪು! ಷಿಕಾಗೋದ ಆಸ್ವಾಲ್ಡ್ ಕೂಪರ್ ಬಿಡಿಸಿದ ಇದನ್ನು ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಫೌಂಡ್ರಿ ಅಚ್ಚುಮೊಳೆಗಳಾಗಿ ಎರಕ ಹೊಯ್ದು ಮಾರಿದ್ದು 1922ರಲ್ಲಿ. ಎಷ್ಟು ಓಡಿತೆಂದರೆ, ಕೂಪರ್‌ಗೆ ಪಾಠ ಹೇಳಿದ್ದ ಫ್ರೆಡರಿಕ್ ಗೌಡಿಯೇ 1925ರಲ್ಲಿ ಮಾನೋಟೈಪ್ ಕಂಪನಿಗಾಗಿ ‘ಗೌಡಿ ಹೆವಿಫೇಸ್’ ಬಿಡಿಸಿ ಶಿಷ್ಯನಿಗೆ ಪೈಪೋಟಿ ಕೊಡಬೇಕಾಯಿತು.

ದಪ್ಪಗಿದೆ, ಅದಕ್ಕೇ ಚೆನ್ನಾಗಿ ಕಾಣುತ್ತದೆ ಎಂಬುದು ಇನ್ನೊಂದು ನಂಬಿಕೆ. ದಪ್ಪ ಅರ್ಧ ಕಾರಣ ಮಾತ್ರ. ಗುಟ್ಟಿರುವುದು ಅಂಚಿನಲ್ಲಿ.

ಕಾಗದಕ್ಕೆ ತಾಗಿದ ಮಸಿ ಹರಡುತ್ತದೆ. ಪ್ರತಿ ಅಂಚಿನಲ್ಲಿ 0.05 ಮಿ.ಮೀ. ಹರಡಿತು ಎಂದುಕೊಳ್ಳಿ. 0.1 ಮಿ.ಮೀ.ನ ಕೂದಲೆಳೆ ಗೆರೆ 0.2 ಆಗಿ ಎರಡು ಪಟ್ಟಾಗುತ್ತದೆ; 1.5 ಮಿ.ಮೀ.ನ ಗೆರೆ 1.6 ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬೊಡೋನಿಯಂಥ ಅಕ್ಷರದ ಸೆರಿಫು, ಅಂದರೆ ಗೆರೆಯ ತುದಿಯ ಪುಟ್ಟ ಪಾದ, ಬ್ಲೇಡಿನಂತೆ ಚೂಪು. ಮಸಿ ಅದನ್ನೇ ಮೊದಲು ಮೊಂಡು ಮಾಡುತ್ತದೆ. ಕೂಪರ್ ಬ್ಲ್ಯಾಕ್‌ನ ಪಾದ ಮೊದಲೇ ಮೊಂಡು. ಗರಿಗರಿ ದೋಸೆಯ ಅಂಚು ಚೂರು ಮುರಿದರೂ ಎದ್ದು ಕಾಣುತ್ತದೆ, ಇಡ್ಲಿಯನ್ನು ಒಂದಿಷ್ಟು ಒತ್ತಿದರೂ ಇಡ್ಲಿಯೇ. ಚೂಪು ಪೆನ್ಸಿಲ್ ಗೀಚಿದಂತೆಲ್ಲ ಮೊನೆ ಕಳೆದುಕೊಳ್ಳುತ್ತದೆ, ಹೊಳೆಯ ನುಣುಪುಕಲ್ಲಿಗೆ ಕಳೆದುಕೊಳ್ಳಲು ಮೊನೆಯೇ ಇಲ್ಲ.

ಪಾದಗಳ ತಳವೂ ಸಪಾಟಲ್ಲ, ಉಬ್ಬು. ಹೀಗಾಗಿ ಸಾಲಿನಡಿ ನೇರ ಗೆರೆ ಮೂಡುವುದೇ ಇಲ್ಲ. ಒಂದಕ್ಷರ ಚೂರು ಮೇಲೆ ಕೂತರೂ ಗೊತ್ತಾಗುವುದಿಲ್ಲ. ಲೆಟ್ರಾಸೆಟ್ ಹಾಳೆಯಿಂದ ಅಕ್ಷರ ಉಜ್ಜಿ ಅಂಟಿಸುತ್ತಿದ್ದವರಿಗೆ, ಟೀ-ಶರ್ಟಿಗೆ ಇಸ್ತ್ರಿಯಿಂದ ಒತ್ತುವವರಿಗೆ ಇದಕ್ಕಿಂತ ಕ್ಷಮಾಗುಣದ ಅಕ್ಷರ ಸಿಗುವುದು ಕಷ್ಟ. ಇಂಗ್ಲಿಷಿನ ‘ಓ’ (o) ಒಳಗಿನ ಖಾಲಿ ಜಾಗ ತುಸು ಹಿಂದಕ್ಕೆ ವಾಲಿರುವುದರಿಂದ ಇಷ್ಟು ಭಾರದ ಸಾಲಿಗೂ ಒಂದು ಓಲಾಟವಿದೆ.

ಕೈಕೊಡುವುದು ಈ ಖಾಲಿ ಜಾಗಗಳೇ. ಇಂಗ್ಲಿಷಿನ ಸಣ್ಣ ‘ಇ’ (e), ‘ಎ’ (a)ಗಳ ಹೊಟ್ಟೆಯಲ್ಲಿ 0.2 ಮಿ.ಮೀ. ತೆರವಿದ್ದರೆ ಅದೇ ಮಸಿ ಅರ್ಧ ನುಂಗುತ್ತದೆ. 14 ಪಾಯಿಂಟ್‌ಗಿಂತ ಕೆಳಗೆ, ಒರಟು ಕಾಗದದಲ್ಲಿ ಬಳಸಲೇಬೇಡಿ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಟ್ಟರೆ ಲೆಕ್ಕ ತಿರುಗುತ್ತದೆ: ಮಸಿ ಹೊರಗಿನಿಂದ ಅಕ್ಷರವನ್ನು ಕೊರೆದು ಹೊಟ್ಟೆಯನ್ನು ಅಗಲಿಸುತ್ತದೆ. ಆದರೆ ಹಿಂದಿನಿಂದ ದೀಪ ಬೆಳಗುವ ಬೋರ್ಡಿನಲ್ಲಿ ಬೆಳಕೇ ಹರಡಿ ಮತ್ತೆ ಮುಚ್ಚುತ್ತದೆ. ಅಲ್ಲಿ ಅಕ್ಷರಗಳ ನಡುವೆ ಜಾಗ ಹೆಚ್ಚಿಸಿ. ಉಳಿದೆಡೆ ಒತ್ತೊತ್ತಾಗಿಯೇ ಇರಲಿ, ಬಿಡಿಬಿಡಿಯಾಗಿಟ್ಟರೆ ಉದುರಿದ ಹಲ್ಲಿನಂತೆ ಕಾಣುತ್ತದೆ.

ಜೊತೆಗೆ ಕನ್ನಡವೂ ಬೇಕಾದರೆ ಏಕ್‌ ಟೈಪ್‌ ಎಂಬ ಅಕ್ಷರ ವಿನ್ಯಾಸ ತಂಡದ ‘ಬಾಲೂ ತಮ್ಮ’ ಫಾಂಟ್ ಇದೆ. ಉಚಿತ, ಸೆರಿಫಿಲ್ಲ, ಆದರೆ ದುಂಡು ಮೈ. ಸಾಲಿನ ಅಂತರ ಮಾತ್ರ ಇಂಗ್ಲಿಷಿಗಿಂತ ಹೆಚ್ಚು ಕೊಡಿ, ಇಲ್ಲದಿದ್ದರೆ ‘ಕ್ಷ್ಮಿ’ಯ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ.