ಏಜೆಂಟರ ಬಿಲ್ಲಿನಲ್ಲಿರುವ ‘ಇತರೆ ಖರ್ಚು’

ಹುಬ್ಬಳ್ಳಿಯ ವಾಲ್ವ್ ತಯಾರಕರಿಗೂ ಬ್ಯಾಡಗಿಯ ಮೆಣಸಿನಕಾಯಿ ರಫ್ತುದಾರರಿಗೂ ಈಗ ವಿದೇಶಿ ಆರ್ಡರ್ ಜತೆಗೇ ಒಂದು ಪ್ರಶ್ನಾವಳಿ ಬರುತ್ತದೆ. ನಾವು ಲಂಚ ಕೊಡುವುದಿಲ್ಲ, ನಮ್ಮ ಪರವಾಗಿ ಯಾರೂ ಕೊಡುವುದಿಲ್ಲ, ಬೇಕಾದರೆ ಲೆಕ್ಕ ನೋಡಿಕೊಳ್ಳಿ ಅಂತ ಬರೆದುಕೊಡಬೇಕು. ಬಹಳ ಜನ ಓದದೇ ಸೀಲ್ ಒತ್ತಿ ಕಳಿಸಿಬಿಡುತ್ತಾರೆ.

ಲೆಕ್ಕ ನೋಡಲು ಕೂತಾಗ ನಾನು ಮೊದಲು ತೆಗೆಯುವುದು ಸರ್ಕಾರಿ ಕಚೇರಿಯ ಕೆಲಸ ಮಾಡಿಸಿಕೊಡುವ ಏಜೆಂಟರ ಬಿಲ್ಲು. ಸರ್ಕಾರಿ ಶುಲ್ಕಕ್ಕೆ ಚಲನ್ ಇರುತ್ತದೆ, ಸೇವಾ ಶುಲ್ಕಕ್ಕೆ ಜಿಎಸ್‌ಟಿ ಇರುತ್ತದೆ. ಅದರ ಕೆಳಗೆ ‘ಇತರೆ ಖರ್ಚು’ ಅಂತ ಒಂದು ದುಂಡು ಮೊತ್ತ. ರಸೀದಿ ಇಲ್ಲ. ಕೇಳಿದರೆ ಮಾಲೀಕರ ಉತ್ತರ ಸಿದ್ಧ: ‘ನಾವೇನ್ ಕೊಟ್ಟಿಲ್ರಿ ಸರ, ಅವಾ ಏನ್ ಮಾಡ್ತಾನೋ ಅವಂಗ ಗೊತ್ತು.’

ಈ ಉತ್ತರ ನಡೆಯುವುದಿಲ್ಲ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಲಂಚ ಕೊಟ್ಟವರಿಗೂ 7 ವರ್ಷದವರೆಗೆ ಜೈಲು ಆಗಬಹುದು. ನಿಮ್ಮ ವ್ಯವಹಾರಕ್ಕಾಗಿ ಏಜೆಂಟ್ ಕೊಟ್ಟರೂ ಸಂಸ್ಥೆಗೆ ದಂಡ. ಪಾಲುದಾರಿಕೆ ಫರ್ಮ್ ಕೂಡ ಇದರಲ್ಲಿ ಬರುತ್ತದೆ. ತಡೆಯಲು ತಕ್ಕ ವ್ಯವಸ್ಥೆ ಇಟ್ಟಿದ್ದೆವು ಅಂತ ತೋರಿಸಿದರೆ ಮಾತ್ರ ಸಂಸ್ಥೆ ಪಾರು. ಬ್ರಿಟನ್ನಿನ 2010ರ ಲಂಚ ತಡೆ ಕಾಯ್ದೆಯೂ ಇದೇ ಧಾಟಿಯದು.

ವಿದೇಶಿ ಅಧಿಕಾರಿಗಳಿಗೆ ಲಂಚ ಕೊಡುವುದನ್ನು ತಡೆಯುವ ಅಮೆರಿಕದ 1977ರ ಕಾಯ್ದೆಯಲ್ಲಿ, ದಿನನಿತ್ಯದ ಸರ್ಕಾರಿ ಕೆಲಸ ಬೇಗ ಆಗಲೆಂದು ಕೊಡುವ ಹಣಕ್ಕೆ ಒಂದು ವಿನಾಯಿತಿ ಇದೆ. ಇದನ್ನು ಎಲ್ಲೋ ಓದಿಕೊಂಡು ನನ್ನ ಜತೆ ವಾದಕ್ಕೆ ಇಳಿಯುವವರಿದ್ದಾರೆ! ಬ್ರಿಟನ್ನಿನಲ್ಲಿ ಆ ವಿನಾಯಿತಿ ಇಲ್ಲ, ನಮ್ಮಲ್ಲೂ ಇಲ್ಲ. ಫೈಲು ಸರಿಯಲಿ ಅಂತ ಕೊಟ್ಟ ಐನೂರು ರೂಪಾಯಿಯೂ ಲಂಚವೇ.

ಲಂಚ ತಡೆಯುವ ವ್ಯವಸ್ಥೆ ಇದೆ ಅಂತ ಕೊಡುವ ಐಎಸ್‌ಒ 37001 ಪ್ರಮಾಣಪತ್ರಕ್ಕೆ ಓಡುವ ಮೊದಲು ಏಜೆಂಟರ ಜತೆ ಒಂದು ಪುಟದ ಕರಾರು ಮಾಡಿಕೊಳ್ಳಿ. ರಸೀದಿ ಇಲ್ಲದ ಖರ್ಚು ಕೊಡುವುದಿಲ್ಲ, ನಗದು ಕೊಡುವುದಿಲ್ಲ, ಅಷ್ಟೇ. ಆಮೇಲೊಂದು ಆಟ ಶುರುವಾಗುತ್ತದೆ. ‘ಇತರೆ ಖರ್ಚು’ ಮಾಯವಾಗಿ ಸೇವಾ ಶುಲ್ಕ ಜಾಸ್ತಿ ಆಗುತ್ತದೆ. ಹಣ ಸುಮ್ನೆ ಜಾಗ ಬದಲಿಸಿತು, ಅಲ್ವಾ? ಅದಕ್ಕೇ ಅದೇ ಕೆಲಸಕ್ಕೆ ಬೇರೆ ಇಬ್ಬರ ದರ ಬರಹದಲ್ಲಿ ತರಿಸಿ ಫೈಲಿನಲ್ಲಿಡಿ.

ಮಾಲು ಬಂದರಿನಲ್ಲಿ ಸಿಕ್ಕಿಬಿದ್ದಿತ್ತು, ಕೊಡದೇ ಗತಿ ಇರಲಿಲ್ಲ ಅನ್ನುವವರಿಗೆ ನಮ್ಮ ಕಾಯ್ದೆಯಲ್ಲೇ ದಾರಿ ಇದೆ. ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ದೂರು ಕೊಡಬೇಕು. ರಾಜ್ಯದ ನೌಕರನಾದರೆ ಲೋಕಾಯುಕ್ತ ಪೊಲೀಸರಿಗೆ, ಕಸ್ಟಮ್ಸ್‌ನಂಥ ಕೇಂದ್ರದ ಇಲಾಖೆಯವನಾದರೆ ಸಿಬಿಐಗೆ. ದೂರಿನ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಆ ಖರ್ಚಿನ ವೋಚರ್‌ಗೇ ಲಗತ್ತಿಸಿ.